ಮಾಮನ ಯೋಚನೆಯ ನಕಲು

ತಮಿಳುನಾಡಿನ ಕಂಬಂನಲ್ಲಿ ನನ್ನ ಸೋದರಮಾವನ ಕ್ಲಿನಿಕ್ ಇದೆ. ಅದರ ಒಳಕೋಣೆಗೆ ಕಿಟಕಿಯಿಲ್ಲ. ಇದ್ದ ಒಂದನ್ನೂ ಔಷಧದ ಕಪಾಟು ನಿಲ್ಲಿಸಲು ಮಾಮ ಯಾವಾಗಲೋ ಮುಚ್ಚಿಸಿಬಿಟ್ಟಿದ್ದಾರೆ. ಮೇಜಿನ ಆಚೆ ಮಾಮ, ಈಚೆ ರೋಗಿಯ ಸ್ಟೂಲು, ತೂಕದ ಯಂತ್ರಕ್ಕೂ ಪರೀಕ್ಷೆಯ ಮಂಚಕ್ಕೂ ನಡುವೆ ತುರುಕಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು. ರೋಗಿ ಬಂದು ಕೂತರೆಂದರೆ ನನಗೆ ಎದ್ದು ಹೊರಹೋಗಲು ದಾರಿಯಿಲ್ಲ. ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ತೇನಿಯಿಂದ ಬೆಳಗಿನ ಬಸ್ಸು ಹಿಡಿದು ಬಂದು ವರ್ಷಕ್ಕೂ ಹೆಚ್ಚು ಕಾಲ ನಾನು ಹಾಗೆ ಕೂತಿದ್ದೇನೆ.

ನಿನ್ನ ಕೆಲಸ ಏನಮ್ಮಾ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಹೇಳಿ ಮುಗಿಸುವ ಹೊತ್ತಿಗೆ ಅವರ ಗಮನ ಬೇರೆಲ್ಲೋ ಇರುತ್ತದೆ. ದಿಂಡಿಗಲ್‌ನಲ್ಲಿ ನಮ್ಮದೊಂದು ಸಣ್ಣ ತಂಡವಿದೆ. ರೋಗ ಯಾವುದೆಂದು ಕಂಪ್ಯೂಟರೇ ಹೇಳುವಂತೆ ಮಾಡುವವರು ಬಹಳ ಜನ ಇದ್ದಾರೆ, ನಮ್ಮದು ಅದಲ್ಲ. ಅನುಭವಸ್ಥ ವೈದ್ಯರೊಬ್ಬರು ರೋಗಿಯನ್ನು ಕಂಡಾಗ ಮೊದಲು ಏನು ಕೇಳುತ್ತಾರೆ, ಉತ್ತರ ಕೇಳಿ ಯಾವುದನ್ನು ಸಂಶಯಿಸುತ್ತಾರೆ, ಯಾವುದನ್ನು ಕೈಬಿಡುತ್ತಾರೆ, ಎಲ್ಲಿಗೆ ಬಂದು ಇದು ಇಂಥ ರೋಗವೇ ಎಂದು ತೀರ್ಮಾನಿಸುತ್ತಾರೆ, ಆ ಯೋಚನೆಯ ದಾರಿಯನ್ನು ಕೃತಕ ಬುದ್ಧಿಮತ್ತೆಗೆ ಕಲಿಸುವುದು ನಮ್ಮ ಕೆಲಸ. ಕಲಿತ ಮೇಲೆ ಅದು, ಈ ವೈದ್ಯರು ಇಲ್ಲಿದ್ದಿದ್ದರೆ ಈಗ ಇದನ್ನು ಕೇಳುತ್ತಿದ್ದರು ಎಂದು ಹೇಳಬಲ್ಲದು. ಆಂಡಿಪಟ್ಟಿ, ವೇದಸಂದೂರು ಕಡೆಯ ಸಣ್ಣ ಆಸ್ಪತ್ರೆಗಳಲ್ಲಿ, ಓದು ಮುಗಿಸಿ ನೇರ ಬಂದು ಕೂತ ಎಳೆಯ ವೈದ್ಯರು ಸಂಶಯ ಬಂದರೆ ಕೇಳಲು ಹಿರಿಯರಿಲ್ಲದೆ ಒದ್ದಾಡುತ್ತಾರೆ. ಅವರ ಪಕ್ಕದಲ್ಲಿ ಹಿರಿಯರೊಬ್ಬರ ಯೋಚನೆಯನ್ನಾದರೂ ಕೂರಿಸೋಣ ಎಂಬುದು ನಮ್ಮ ಆಸೆ.

ಆ ಹಿರಿಯರಾಗಿ ತಂಡದವರು ಆರಿಸಿದ್ದು ಮಾಮನನ್ನು. ಅದರಲ್ಲಿ ನನ್ನ ಪಕ್ಷಪಾತ ಏನೂ ಇಲ್ಲ. ಈ ಕಣಿವೆಯಲ್ಲಿ ಮಾಮನ ಕೈಗೆ ನಾಡಿ ಕೊಡದ ಮನೆ ಹುಡುಕಬೇಕು. ದ್ರಾಕ್ಷಿ ತೋಟದವರು, ಘಾಟಿ ಹತ್ತಿ ಏಲಕ್ಕಿ ಎಸ್ಟೇಟಿಗೆ ಕೂಲಿಗೆ ಹೋಗಿ ಜ್ವರ ಹೊತ್ತು ಇಳಿಯುವವರು, ಅಂಗಡಿಯವರು, ನಮ್ಮ ಕನ್ನಡ ಮನೆಗಳವರು, ಎಲ್ಲರಿಗೂ ಅವರೇ. ಆದರೆ ಗುರುತಿಲ್ಲದವರನ್ನು ಒಳಕೋಣೆಯಲ್ಲಿ ಕೂರಿಸಲು ಮಾಮ ಒಪ್ಪಲಿಲ್ಲ. ಸೊಸೆಯಾದರೆ ಆಗಬಹುದು ಎಂದರು. ಅಕ್ಕನ ಮಗಳು ಅವರಿಗೆ ಸೊಸೆ. ಹೀಗೆ ಆ ಕುರ್ಚಿ ನನ್ನ ಪಾಲಿಗೆ ಬಂತು.

ಮೊದಲ ತಿಂಗಳುಗಳು ಚೆನ್ನಾಗಿದ್ದವು. ರೋಗಿಗಳ ಒಪ್ಪಿಗೆ ಪಡೆದು ಮಾತುಕತೆ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ರೋಗಿ ಎದ್ದು ಹೋದ ಮೇಲೆ, ಯಾಕೆ ಹಾಗೆ ಕೇಳಿದಿರಿ, ಯಾಕೆ ಅದನ್ನು ಬಿಟ್ಟಿರಿ ಎಂದು ಮಾಮನನ್ನು ಬಾಯಿಬಿಡಿಸುತ್ತಿದ್ದೆ. ರೋಗಿಗಳೊಡನೆ ತಮಿಳು, ನನ್ನೊಡನೆ ಮನೆಯ ಕನ್ನಡ. ಒಂದು ಸಲ, ಪ್ರತಿಯೊಬ್ಬರ ನಾಡಿಯನ್ನೂ ಅಷ್ಟು ಹೊತ್ತು ಯಾಕೆ ಹಿಡಿದಿರುತ್ತೀರಿ ಎಂದು ಕೇಳಿದೆ.

"ನಾಡಿ ಹಿಡ್ದಂಗೆ ಮಾಡ್ತೀನಿ ಕಣಮ್ಮ, ಎಣ್ಸೋದು ಉಸುರ್ನ," ಎಂದರು ಮಾಮ. "ಉಸುರು ನೋಡ್ತವ್ರೆ ಅಂತ ಗೊತ್ತಾದ್ರೆ ಜನ ಉಸುರಾಡೋ ರೀತಿನೇ ಮಾರ್ಸ್ಕತಾರೆ."

ಇಂಥದ್ದು ಎಷ್ಟೋ. ಜ್ವರ ಎಂದು ಎಸ್ಟೇಟಿನಿಂದ ಬಂದವರ ಕಂಕುಳು, ಸೊಂಟದ ಪಟ್ಟಿಯ ಕೆಳಗೆ ಹುಡುಕಿ, ಬೀಡಿಯಿಂದ ಸುಟ್ಟಂಥ ಕಪ್ಪು ಗುರುತು ಕಂಡರೆ ಹುಳ ಕಚ್ಚಿದ ಜ್ವರ ಎಂದು ಅಲ್ಲೇ ಮದ್ದು ಶುರು ಮಾಡುತ್ತಿದ್ದರು. ವಾಂತಿ ಎಂದವರಿಗೆ, ತೋಟದಲ್ಲಿ ಔಷಧಿ ಹೊಡೆದದ್ದು ಯಾವತ್ತು ಎಂಬುದೇ ಮೊದಲ ಪ್ರಶ್ನೆ. ಬೆಳಗಿನ ರೋಗಿಗಳು ಮುಗಿದ ಮೇಲೆ ನಾನೇ ಕಟ್ಟಿದ ಕೇಸುಗಳನ್ನು ಓದಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ, ಯೋಚನೆಯನ್ನೆಲ್ಲ ಗಟ್ಟಿಯಾಗಿ ಆಡುತ್ತಾ ರೋಗದವರೆಗೆ ನಡೆದು ಹೋಗುತ್ತಿದ್ದರು. ಕೇಳಲು ಹಿತವಾಗಿರುತ್ತಿತ್ತು. ಕೊನೆಗೆ ನಮ್ಮ ಮಾದರಿ, ಅಂದರೆ ನಾವು ಕಟ್ಟಿದ ಆ ಕೃತಕ ಬುದ್ಧಿಮತ್ತೆ, ಕಲಿಯಿತು. ಎಷ್ಟು ಕಲಿಯಿತೆಂದರೆ, ಮಾಮ ಬಾಯಿ ತೆರೆಯುವ ಮೊದಲೇ ಅವರ ಮುಂದಿನ ಪ್ರಶ್ನೆ ನನ್ನ ತೊಡೆಯ ಮೇಲಿನ ಟ್ಯಾಬ್ಲೆಟ್‌ನಲ್ಲಿ ಕಾಣುತ್ತಿತ್ತು. ನನಗೆ ನಗು ಬರುತ್ತಿತ್ತು. ಟ್ಯಾಬ್ಲೆಟ್ಟನ್ನು ಮಾಮನಿಗೆ ತೋರಿಸುವಂತಿರಲಿಲ್ಲ. ತೋರಿಸಿದರೆ ಅವರ ಯೋಚನೆ ಕೆಡುತ್ತದೆ. ನಾನು ನಡುವೆ ಬಾಯಿ ಹಾಕುವಂತೆಯೂ ಇರಲಿಲ್ಲ. ನೋಡುವುದು, ಕೇಳುವುದು, ಅಷ್ಟೇ.

ಬೇಸಿಗೆ ಕಳೆಯುವಾಗ ಹೊಂದಿಕೆ ತಪ್ಪತೊಡಗಿತು. ಟ್ಯಾಬ್ಲೆಟ್ ಒಂದು ಕೇಳುತ್ತದೆ, ಮಾಮ ಇನ್ನೊಂದು ಕೇಳುತ್ತಾರೆ. ಮೊದಮೊದಲು ನನಗೆ ಟ್ಯಾಬ್ಲೆಟ್ ಮೇಲೆಯೇ ಕೋಪ. ಎಸ್ಟೇಟಿನಿಂದ ಜ್ವರ ಹೊತ್ತು ಬಂದ ಹೆಂಗಸೊಬ್ಬಳಿಗೆ, ಮೈಮೇಲೆ ಕಪ್ಪು ಗುರುತು ಹುಡುಕು ಎಂದು ಅದು ಹೇಳಿತು. ಮಾಮ ಹುಡುಕಲಿಲ್ಲ. ಸಾಧಾರಣ ಜ್ವರ ಎಂದು ಮಾತ್ರೆ ಕೊಟ್ಟು ಕಳಿಸಿದರು. ಅವಳು ಮೂರನೆಯ ಸಲ ಬಂದಾಗ ನಡೆಯಲಾರದೆ ಇದ್ದಳು. ಸಕ್ಕರೆ ಕಾಯಿಲೆಯ ಮುದುಕರೊಬ್ಬರನ್ನು, ಕಾಲಿನ ಹುಣ್ಣು ಎಷ್ಟು ದಿನದ್ದು ಎಂದು ಕೇಳಿದರು, ಉತ್ತರ ಬಂತು, ಮತ್ತೆ ಅದನ್ನೇ ಕೇಳಿದರು. ಮುದುಕರು ಡಾಕ್ಟರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕರು. ಮಾಮ ನಗಲಿಲ್ಲ.

ನಮ್ಮ ತಂಡದ ಪದ್ಧತಿ ಒಂದಿದೆ: ವೈದ್ಯರು ಹೇಳಿದ್ದೇ ಅಳತೆಗೋಲು. ಮಾದರಿ ಅವರಿಗೆ ಹೊಂದದಿದ್ದರೆ ತಪ್ಪು ಮಾದರಿಯದು. ದಿಂಡಿಗಲ್‌ನಲ್ಲಿ ಕೂತ ನಮ್ಮ ಮುಖ್ಯಸ್ಥರು ಕಂಪ್ಯೂಟರಿನಲ್ಲಿ ಹೊಂದಿಕೆಯ ಗೆರೆ ಇಳಿಯುವುದನ್ನು ಕಂಡು ಫೋನ್ ಮಾಡಿದರು. ಮಾದರಿ ಹಳಸಿದೆಯಮ್ಮಾ, ಹೊಸ ತಿಂಗಳುಗಳ ರೆಕಾರ್ಡ್ ಹಾಕಿ ಮತ್ತೊಮ್ಮೆ ಕಲಿಸಿಬಿಡೋಣ, ಆಮೇಲೆ ಆಂಡಿಪಟ್ಟಿಗೂ ವೇದಸಂದೂರಿಗೂ ಕಳಿಸೋಣ, ನೀನು ಹೂಂ ಅಂದರೆ ಸಾಕು ಎಂದರು. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಹೇಳುತ್ತಿದ್ದರು. ಆ ಕೋಣೆಯಲ್ಲಿ ಕೂತವಳು ನಾನು ಒಬ್ಬಳೇ. ಹಳಸಿದ್ದು ಮಾದರಿಯಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಅವರು ವಾರ ವಾರವೂ ಕೇಳುತ್ತಿದ್ದರು, ನಾನು ವಾರ ವಾರವೂ ಅದನ್ನೇ ಹೇಳುತ್ತಿದ್ದೆ.

ಹೂಂ ಅಂದರೆ ಈಗಿನ ಮಾಮನ ತಪ್ಪುಗಳನ್ನೆಲ್ಲ ಕಲಿತು ಮಾದರಿ ಅವನ್ನು ಎಳೆಯ ವೈದ್ಯರಿಗೆ ಹೇಳಿಕೊಡುತ್ತದೆ. ಬೇಡ ಅಂದರೆ ಕಾರಣ ಹೇಳಬೇಕು, ಕಾರಣ ಮಾಮ. ಕೋಣೆಯಲ್ಲಿ ಕಂಡದ್ದನ್ನು ಮನೆಯವರಿಗೂ ಹೇಳುವುದಿಲ್ಲ ಎಂದು ತಂಡಕ್ಕೆ ಮಾತು ಕೊಟ್ಟಿದ್ದೆ. ಇನ್ನು ಮಾಮನಿಗೇ ಹೇಳುವುದೆಂದರೆ, ನಮ್ಮ ಕಡೆ ಸೋದರಮಾವ ಎಂದರೆ ಏನು ಎಂದು ಗೊತ್ತಿದ್ದವರು ಆ ಮಾತನ್ನೇ ಎತ್ತುವುದಿಲ್ಲ. ನಾನು ಮೈನೆರೆದಾಗ ಕ್ಲಿನಿಕ್ ಮುಚ್ಚಿ, ಸ್ಟೆತಸ್ಕೋಪ್ ಜೇಬಿನಲ್ಲೇ ಮರೆತು, ತೆಂಗಿನ ಗರಿ ಹೊತ್ತುಕೊಂಡು ಬಂದು ಹಸಿರು ಗುಡ್ಲು ಕಟ್ಟಿದವರು ಅವರು. ಅದು ಮಾಮನ ಹಕ್ಕು. ಅವರ ಎದುರು ನಿಂತು ನಿಮ್ಮ ತಲೆ ಕೆಲಸ ಮಾಡುತ್ತಿಲ್ಲ ಎನ್ನುವ ನಾಲಿಗೆ ನನ್ನ ಬಾಯಲ್ಲಿ ಇರಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಉತ್ತಮಪಾಳ್ಯ ದಾಟುತ್ತಿದ್ದಂತೆ ಎರಡೂ ಕಡೆಯ ಬೆಟ್ಟಗಳು ಹತ್ತಿರ ಬರುತ್ತವೆ. ಇಳಿದು ವಾಪಸು ಹೋಗಿಬಿಡಲೇ ಎಂದು ದಿನಾ ಅನಿಸುತ್ತಿತ್ತು. ದಿನಾ ಹೋಗಿ ಅದೇ ಕುರ್ಚಿಯಲ್ಲಿ ಸಿಕ್ಕಿಕೊಂಡು ಕೂರುತ್ತಿದ್ದೆ.

ಒಂದು ಬೆಳಿಗ್ಗೆ ದ್ರಾಕ್ಷಿ ತೋಟದ ಹೆಂಗಸೊಬ್ಬಳನ್ನು ಗಂಡ ತೋಳು ಹಿಡಿದು ಕರೆತಂದ. ವಾಂತಿ, ಹೊಟ್ಟೆನೋವು. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು. ಟ್ಯಾಬ್ಲೆಟ್‌ನಲ್ಲಿ ಕೂಡಲೇ ಬಂತು: ಔಷಧಿ ಹೊಡೆದದ್ದು ಯಾವತ್ತು ಕೇಳು, ಕಣ್ಣಿಗೆ ಬೆಳಕು ಬಿಟ್ಟು ನೋಡು. ಮಾಮ ಹೊಟ್ಟೆ ಒತ್ತಿ ನೋಡಿದರು. ಗ್ಯಾಸ್ಟ್ರಿಕ್ ಎಂದು ಚೀಟಿ ಬರೆಯಲು ತೊಡಗಿದರು. ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಾದೆ. ಚೀಟಿಯನ್ನು ಗಂಡನ ಕೈಗೆ ಕೊಟ್ಟರು. ತೊಡೆಯ ಮೇಲೆ ಹಳೆಯ ಮಾಮ, ಎದುರಿಗೆ ಈಗಿನ ಮಾಮ, ನಡುವೆ ಆ ಹೆಂಗಸು ಸ್ಟೂಲಿನಿಂದ ಜಾರುತ್ತಿದ್ದಳು.

"ತೋಟದಲ್ಲಿ ಔಷಧಿ ಹೊಡೆದಿರಾ?" ಎಂದು ನಾನು ತಮಿಳಿನಲ್ಲಿ ಕೇಳಿಬಿಟ್ಟೆ.

ನಿನ್ನೆ ಸಂಜೆಯವರೆಗೆ ಇವಳೇ ಹೊಡೆದಳು, ಅದೇ ಸೀರೆಯಲ್ಲಿ ಮಲಗಿದಳು ಎಂದ ಗಂಡ. ಮಾಮ ನನ್ನನ್ನು ನೋಡಿದರು. ಆಮೇಲೆ ಟಾರ್ಚ್ ತೆಗೆದು ಅವಳ ಕಣ್ಣು ನೋಡಿದರು, ಪಾಪೆ ಸಾಸಿವೆಯಷ್ಟಾಗಿತ್ತು, ಕೀಟನಾಶಕದ ವಿಷ ಮೈಗೇರಿದ ಗುರುತು. ಅಲ್ಲಿಂದ ಮಾಮನ ಕೈ ತಪ್ಪಲಿಲ್ಲ. ಇಂಜೆಕ್ಷನ್ ಕೊಟ್ಟು, ಸೀರೆ ಬದಲಿಸಿ ಮೈ ತೊಳೆಸಿ, ಆಂಬುಲೆನ್ಸ್ ಕರೆಸಿ ತೇನಿಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಅವಳು ಉಳಿದುಕೊಂಡಳು. ಕೋಣೆ ಖಾಲಿಯಾದ ಮೇಲೆ ಮಾಮ ನನ್ನ ಕಡೆ ತಿರುಗಿದರು.

"ನೀ ನೋಡಕ್ಕೆ ಬಂದೋಳಾ, ಮದ್ದು ಕೊಡಕ್ಕೆ ಬಂದೋಳಾ?"

"ತಪ್ಪಾಯ್ತು ಮಾಮ."

"ನಾನ್ ಅದ್ಕೇ ಬತ್ತಿದ್ದೆ. ಅವಸರ ಯಾಕೆ?"

ಅವರು ಅದಕ್ಕೆ ಬರುತ್ತಿರಲಿಲ್ಲ. ಇಬ್ಬರಿಗೂ ಗೊತ್ತಿತ್ತೋ ನನಗೆ ಮಾತ್ರವೋ ತಿಳಿಯಲಿಲ್ಲ. ಮನೆ ಇರುವುದು ಕ್ಲಿನಿಕ್ಕಿನ ಮಹಡಿಯ ಮೇಲೆ. ಮಧ್ಯಾಹ್ನ ಊಟಕ್ಕೆ ಕೂತಾಗ, ಮಾಮ ಕೈ ತೊಳೆಯಲು ಎದ್ದ ಹೊತ್ತು ನೋಡಿ, ಮಾಮನಿಗೆ ಒಂದು ಸಲ ಮಧುರೈಯಲ್ಲಿ ಪರೀಕ್ಷೆ ಮಾಡಿಸೋಣವೇ ಎಂದು ಅತ್ತೆಯನ್ನು ಕೇಳಿದೆ. ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ.

ಅತ್ತೆ ನನ್ನ ಮುಖ ನೋಡಲಿಲ್ಲ. ಕೇಳದೆಯೇ ಎಲೆಗೆ ಮಜ್ಜಿಗೆ ಬಿಟ್ಟರು. "ಊರೆಲ್ಲ ಅವ್ರತ್ರ ಬತ್ತದೆ ತಾಯಿ," ಎಂದರು. "ಅವ್ರು ಯಾರತ್ರ ಹೋಗೋದು? ಹೋದ್ರೆ ನಾಳೆ ಅಂಗಡಿಬೀದೀಲಿ ಏನಂತಾರೆ? ವಯಸ್ಸಾತು, ಅಷ್ಟೇದಾನ. ನೀ ಉಣ್ಣು."

ಅತ್ತೆಗೂ ಗೊತ್ತಿದೆ ಎಂದು ಆಗ ತಿಳಿಯಿತು. ಗೊತ್ತಿದ್ದು ಬಾಗಿಲು ಹಾಕಿಕೊಂಡಿದ್ದಾರೆ. ನನಗೆ ಅವರ ಮೇಲೆ ಸಿಟ್ಟು ಬಂತು, ನನ್ನ ಮೇಲೂ ಬಂತು. ನಾನು ಮಾಡುತ್ತಿದ್ದುದೂ ಅದನ್ನೇ ತಾನೆ.

ಮುಂದಿನ ವಾರ ಮುಖ್ಯಸ್ಥರು ಇನ್ನು ಕಾಯಲಾಗದು, ನಾಳೆಯೇ ಹೊಸದಾಗಿ ಕಲಿಸುತ್ತೇವೆ ಎಂದರು. ಅಂದು ಬೆಳಗಿನ ರೋಗಿಗಳು ಮುಗಿದ ಮೇಲೆ, ಒಂದು ಕೇಸು ಓದಲೇ ಮಾಮ ಎಂದೆ. ಓದು ಎಂದು ಅವರು ಎಂದಿನಂತೆ ಕಣ್ಣು ಮುಚ್ಚಿದರು. ಎಷ್ಟೋ ಕೇಸು ಕಟ್ಟಿದವಳು ನಾನು, ಆದರೆ ಅವತ್ತು ಕೈಯಲ್ಲಿ ಏನೂ ಬರೆದಿರಲಿಲ್ಲ. ಟ್ಯಾಬ್ಲೆಟ್ಟನ್ನು ಓದುವಂತೆ ಹಿಡಿದುಕೊಂಡು ಹೇಳತೊಡಗಿದೆ. ಗಂಡಸು, ಎಪ್ಪತ್ತರ ಮೇಲೆ. ಊಟ, ನಿದ್ದೆ ಚೆನ್ನಾಗಿದೆ. ಹಳೆಯದೆಲ್ಲ ನೆನಪಿದೆ, ಈಗ ಕೇಳಿದ ಮಾತು ನಿಲ್ಲುವುದಿಲ್ಲ. ಕೇಳಿದ್ದನ್ನೇ ಕೇಳುತ್ತಾರೆ. ಕೈಗೆ ರೂಢಿಯಾದ ಕೆಲಸ ತಪ್ಪುವುದಿಲ್ಲ. ಎರಡು ಮೂರು ವಿಷಯ ಒಟ್ಟಿಗೆ ಮನಸ್ಸಿನಲ್ಲಿ ಹಿಡಿಯಬೇಕಾದರೆ ಒಂದು ಬಿದ್ದುಹೋಗುತ್ತದೆ. ತೋರಿಸಿಕೊಟ್ಟರೆ ರೇಗುತ್ತಾರೆ.

ಮಾಮನ ಯೋಚನೆ ನಡೆಯತೊಡಗಿತು. ಬಿದ್ದು ತಲೆಗೆ ಪೆಟ್ಟಾಗಿತ್ತೇ ಎಂದು ಕೇಳಿದರು. ಇಲ್ಲ ಎಂದೆ. ಕುಡಿತ? ಇಲ್ಲ. ನಿದ್ದೆ ಮಾತ್ರೆ? ಇಲ್ಲ. ಮನೆಯಲ್ಲಿ ಸಾವು, ಮನಸ್ಸಿಗೆ ದುಃಖ? ಇಲ್ಲ. ಒಮ್ಮೆಲೇ ಬಂತೋ ಮೆಲ್ಲನೆ ಬಂತೋ? ಮೆಲ್ಲನೆ. ಕೈ ನಡುಗುತ್ತದೆಯೇ, ಇಲ್ಲದ್ದು ಕಣ್ಣಿಗೆ ಕಾಣುತ್ತದೆಯೇ? ಇಲ್ಲ ಮಾಮ. ಹಲವು ತಿಂಗಳಿಂದ ನಾನು ಕಾಣದ ಮಾಮ ಅಲ್ಲಿ ಕೂತಿದ್ದರು. ಒಂದು ಹೆಜ್ಜೆ ತಪ್ಪಲಿಲ್ಲ.

"ಥೈರಾಯ್ಡ್ ನೋಡ್ಬೇಕು, ಬಿ-ಹನ್ನೆರಡು ನೋಡ್ಬೇಕು, ತಲೆ ಸ್ಕ್ಯಾನ್ ಮಾಡ್ಬೇಕು," ಎಂದರು. "ಸರಿ ಹೋಗೋದು ಏನಾರ ಇದ್ರೆ ಅದ್ನ ಮೊದ್ಲು ಹಿಡೀಬೇಕು. ಅದೇನೂ ಇಲ್ಲ ಅಂದ್ರೆ, ಇದು ಮರವು ರೋಗದ ಶುರು. ಇವ್ರು ಏನ್ ವೇಲೆ ಮಾಡ್ತಾರೆ?"

ಕೆಲಸ ಏನು ಎಂಬ ಆ ಪ್ರಶ್ನೆ ಬರುತ್ತದೆ ಎಂದು ನನಗೆ ತಿಳಿದಿರಬೇಕಿತ್ತು. ತೋಚಿದ್ದನ್ನು ಹೇಳಿದೆ. "ಜೀಪ್ ಓಡ್ಸ್ತಾರೆ ಮಾಮ. ಎಸ್ಟೇಟ್‌ಗೆ ಆಳುಗಳ್ನ ತುಂಬ್ಕಂಡು ಘಾಟಿ ಹತ್ತಾರೆ."

ಮಾಮ ಕಣ್ಣು ತೆರೆದರು. "ಇನ್ನೂ ಓಡ್ಸ್ತವ್ರಾ?"

"ಹೂಂ."

"ಮನೇಲಿ ಯಾರೂ ಇಲ್ವಾ?"

"ಮನೆಯೋರು ಅವ್ರೆ ಮಾಮ. ಹೇಳಕ್ಕೆ ಭಯ ಬೀಳ್ತಾರೆ. ಮನ್ಸು ನೋಯ್ತದೆ ಅಂತ."

ಅವರಿಗೆ ನಿಜವಾಗಿ ಕೋಪ ಬಂತು. ಮೇಜಿನ ಮೇಲೆ ಕೈ ಇಟ್ಟು, "ಅವ್ರ ಮನ್ಸು ನೋಯೋದ ನೋಡೋದಾ, ಹಿಂದೆ ಕೂತಿರೋ ಆಳುಗಳ್ನ ನೋಡೋದಾ?" ಎಂದರು. "ಇವತ್ತೇ ಚಾವಿ ಇಸ್ಕಬೇಕು. ರಿಪೋರ್ಟ್ ಬರೋಗಂಟ ಕಾಯ್ಬಾರ್ದು. ಹೇಳೋ ರೀತೀಲಿ ಹೇಳಿದ್ರೆ ಮನುಷ್ಯ ಕೇಳ್ತಾನೆ. ನಿಂಗೆ ಗೊತ್ತಿರೋರಾ?"

"ಗೊತ್ತಿರೋರು."

"ಹಂಗಾದ್ರೆ ನಾಳೆ ಟೋಕನ್ ಕೊಡೋಕ್ ಮುಂಚೆ ಕೂಟ್ಕಂಡ್ ಬಾ. ಮನೆಯೋರೂ ಬರ್ಲಿ. ಯಾರೂ ಹೇಳಲ್ಲ ಅಂದ್ರೆ ನಾನ್ ಹೇಳ್ತೀನಿ."

ಕರೆತರುತ್ತೇನೆ ಎಂದೆ. ಅವರಿಗೆ ತಿಳಿಯಲಿಲ್ಲ. ಮುಖದಲ್ಲಿ ಅಳುಕಿನ ಎಳೆಯೂ ಇರಲಿಲ್ಲ, ಕಾಣದ ಒಬ್ಬ ಜೀಪ್ ಡ್ರೈವರನ ಮೇಲೆ ಕನಿಕರ ಮಾತ್ರ ಇತ್ತು. ಮೋಸ ಮಾಡಿದ ಹಾಗೆ ಅನಿಸಿತು, ಆದರೆ ಆ ಮಾತನ್ನು ಮಾಮನ ಬಾಯಿಂದ ಅಲ್ಲದೆ ಬೇರೆ ಯಾರ ಬಾಯಿಂದಲೂ ಮಾಮ ಕೇಳುತ್ತಿರಲಿಲ್ಲ. ಹೊರಗೆ ಬಂದು ದಿಂಡಿಗಲ್‌ಗೆ, ಹೊಸದಾಗಿ ಕಲಿಸಬೇಡಿ, ಹಳೆಯ ಮಾದರಿಯೇ ಸರಿ, ಕಾರಣ ನಾಳೆ ಹೇಳುತ್ತೇನೆ ಎಂದು ಸಂದೇಶ ಕಳಿಸಿದೆ. ಆಮೇಲೆ ಮಹಡಿ ಹತ್ತಿ, ತಂಡಕ್ಕೆ ಕೊಟ್ಟ ಮಾತನ್ನು ಮುರಿದು, ಅತ್ತೆಗೆ ಎಲ್ಲವನ್ನೂ ಹೇಳಿದೆ. ಹುಳ ಕಚ್ಚಿದ ಜ್ವರದ ಹೆಂಗಸು, ದ್ರಾಕ್ಷಿ ತೋಟದವಳು, ಜೀಪ್ ಡ್ರೈವರ್, ಯಾವುದನ್ನೂ ಬಿಡಲಿಲ್ಲ. ಅತ್ತೆ ಒಲೆ ಆರಿಸಿ ನೆಲದ ಮೇಲೆ ಕೂತರು. ನಾಳೆ ನಾನೂ ಬರುತ್ತೇನೆ ಎಂದು ಕೊನೆಗೆ ಹೇಳಿದರು.

ಬೆಳಿಗ್ಗೆ ನಾವಿಬ್ಬರು ಒಳಗೆ ಹೋದಾಗ ಮಾಮ ಆಗಲೇ ತಮ್ಮ ಜಾಗದಲ್ಲಿದ್ದರು. ಮರೆಯದಿರಲು ಜೀಪಿನವರು ಎಂದು ಬರೆದುಕೊಂಡ ಚೀಟಿ ಮೇಜಿನ ಮೇಲಿತ್ತು. ರೋಗಿಯ ಸ್ಟೂಲನ್ನು ಪಕ್ಕಕ್ಕಿಟ್ಟು, ಬೆನ್ನು ಒರಗಿಸುವ ಕುರ್ಚಿಯೊಂದನ್ನು ಅಲ್ಲಿ ತಾವೇ ತಂದು ಹಾಕಿದ್ದರು. ವಯಸ್ಸಾದವರು, ಸ್ಟೂಲಿನಲ್ಲಿ ಕೂತು ಇಂಥ ಮಾತು ಕೇಳಬಾರದು ಎಂದರು. ಜೀಪಿನವರ ಬದಲು ಅತ್ತೆ ಬಂದದ್ದು ಕಂಡು ಸ್ವಲ್ಪ ಆಶ್ಚರ್ಯಪಟ್ಟರು.

"ಎಲ್ಲಿ, ಬರ್ಲಿಲ್ವಾ ಅವ್ರು?"

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ನನ್ನ ಮೂಲೆಯ ಕುರ್ಚಿಗೆ ಹೋಗದೆ ಮೇಜಿನ ಹತ್ತಿರವೇ ನಿಂತೆ.

"ಬಂದವ್ರೆ ಮಾಮ," ಎಂದೆ.

ಮಾಮ ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ನನ್ನನ್ನು ನೋಡಿದರು. ಆಮೇಲೆ ಅತ್ತೆಯ ಮುಖವನ್ನು ಬಹಳ ಹೊತ್ತು ನೋಡಿದರು, ರೋಗಿಯನ್ನು ನೋಡುವ ಹಾಗೆ. ಎದ್ದು, ಮೇಜನ್ನು ಸುತ್ತಿ ಬಂದು, ತಾವೇ ಹಾಕಿದ್ದ ಆ ಕುರ್ಚಿಯಲ್ಲಿ ಕೂತರು.